ಗಂಟು ಬಿಚ್ಚಿಸುತ್ತಿದ್ದಾಕೆ

ಆಕೆಯ ಹೆಸರು ಬರೆಯುವುದಿಲ್ಲ. ಒಂದು ಸಲ ಆ ಹೆಸರು ಊರ ಬಾಯಿಗೆ ಬಿದ್ದು ಆದದ್ದೇ ಸಾಕು. ಊರಿನ ಹೆಸರೂ ಬೇಡ. ದೇವದುರ್ಗ ತಾಲ್ಲೂಕಿನ ಅಂಚಿನಲ್ಲಿ, ಕವಿತಾಳದ ಕಡೆಗೆ ಹೋಗುವ ದಾರಿಯಿಂದ ಮೂರು ಮೈಲಿ ಒಳಗಿರುವ ಊರು ಅಂದರೆ ಆಯಿತು. ಅಂಥವು ಹತ್ತಿಪ್ಪತ್ತು ಇವೆ. ಅಲ್ಲಿ ನಾನು ಹದಿನಾಲ್ಕು ವರ್ಷ ಆರೋಗ್ಯ ಉಪಕೇಂದ್ರದ ನರ್ಸಾಗಿದ್ದೆ. ನಾನು ಹೋಗುವುದಕ್ಕಿಂತ ಮೂವತ್ತು ವರ್ಷ ಮೊದಲಿನಿಂದ ಆಕೆ ಅಲ್ಲಿನ ಸೂಲಗಿತ್ತಿ. ಊರಲ್ಲಿ ಮೀಸೆ ತಿರುವಿಕೊಂಡು ಓಡಾಡುವವರಲ್ಲಿ ಅರ್ಧಕ್ಕರ್ಧ ಜನ ಮೊದಲು ಅತ್ತದ್ದು ಆಕೆಯ ಕೈಯಲ್ಲಿ.

ಕಳೆದ ತಿಂಗಳು ಆ ಊರಿನ ಅಂಗನವಾಡಿ ಟೀಚರ್ ಫೋನು ಮಾಡಿ, ‘ಸಿಸ್ಟರ್, ನಮ್ಮ ಸೂಲಗಿತ್ತಿ ಯವ್ವ ಹೋದಳ್ರೀ. ನಿನ್ನಿ ಮಣ್ಣು ಮಾಡಿದ್ರು’ ಅಂದಳು. ನಾನು ರಾಯಚೂರಿನ ಮನೆಯಲ್ಲಿ ಬೇಳೆ ಬೇಯಿಸಲು ಇಟ್ಟಿದ್ದೆ. ಕುಕ್ಕರು ಸೀಟಿ ಹೊಡೆಯುವ ಮೊದಲು ಸಣ್ಣಗೆ ಗಾಳಿ ಬಿಡುತ್ತದಲ್ಲ, ಆ ಸದ್ದಿಗೆ ನಾನು ಎಷ್ಟೋ ವರ್ಷದಿಂದ ಬೆಚ್ಚಿ ತಿರುಗಿ ನೋಡುತ್ತೇನೆ. ಹಿಂದೆ ನಿಂತು ಆಕೆ ‘ಸಿಸ್ಟರವ್ವಾ’ ಅಂದ ಹಾಗಾಗುತ್ತದೆ. ಮುಂದಿನ ಹಲ್ಲು ಹೋದ ಮೇಲೆ ಆಕೆಯ ಬಾಯಲ್ಲಿ ‘ಸ’ ಹಾಗೇ ಹೊರಡುತ್ತಿತ್ತು. ಆ ಹಲ್ಲು ಹೇಗೆ ಹೋದವು, ಆಗ ನಾನು ಎಲ್ಲಿದ್ದೆ ಅನ್ನುವುದನ್ನು ಹೇಳಲಿಕ್ಕೇ ಕುಳಿತಿದ್ದೇನೆ. ಹೇಳದೆ ಬಹಳ ದಿನ ಇದ್ದೆ.

ನಾನು ಊರಿಗೆ ಹೋದ ಮೂರನೆಯ ದಿನ ಆಕೆ ಉಪಕೇಂದ್ರದ ಬಾಗಿಲಿಗೆ ಬಂದು ನಿಂತಳು. ಎತ್ತರದ ಆಳು. ಹಣೆಯ ಮೇಲೆ ಹಚ್ಚೆ, ಬಾಯಿ ತುಂಬ ಎಲೆಅಡಿಕೆ. ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ ಕೇಳಿದಳು:

‘ನೀನೇನವ್ವ ಹೊಸಾ ಸಿಸ್ಟರು?’

‘ಹೌದು.’

‘ಮಕ್ಕಳು?’

‘ಒಂದು. ಹೆಣ್ಣು.’

‘ಹಡಿಯೂಮುಂದ ಬಡಕೊಂಡಿದ್ದೇನು?’

‘ಊರು ಕೇಳೂ ಹಂಗ ಬಡಕೊಂಡಿದ್ದೆ.’

‘ಹಂಗಾದ್ರ ನಡೀತದ ಬಿಡು. ಹಿಂದಿನಾಕಿಗೆ ಮದುವಿನ ಆಗಿದ್ದಿಲ್ಲ. ಬಡಕೊಳ್ಳೋ ಹೆಣ್ಮಕ್ಕಳಿಗೆ ಬೈತಿದ್ದಳು, ಹಾಳಾದಾಕಿ.’

ಅಷ್ಟೇ. ನನ್ನ ಸಂದರ್ಶನ ಮುಗಿದಿತ್ತು. ಸರ್ಕಾರಿ ನೇಮಕಾತಿಯಲ್ಲೂ ನನಗೆ ಅಷ್ಟು ಎದೆ ಹೊಡೆದುಕೊಂಡಿರಲಿಲ್ಲ.

ಹೆರಿಗೆ ನೋವು ಹತ್ತಿದ ಮನೆಗೆ ಹೋದರೆ ಆಕೆ ಮೊದಲು ಬಸುರಿಯನ್ನು ನೋಡುತ್ತಿರಲಿಲ್ಲ. ಮನೆಯ ಕೀಲಿಗಳನ್ನೆಲ್ಲ ತೆಗೆಸುತ್ತಿದ್ದಳು. ಟ್ರಂಕು, ಪೆಟ್ಟಿಗೆ, ಬಾಗಿಲ ಚಿಲಕ, ಜೋಳದ ಹಗೇವಿನ ಮುಚ್ಚಳ, ಕೊಟ್ಟಿಗೆಯಲ್ಲಿ ಕಟ್ಟಿದ ಕರುವಿನ ಹಗ್ಗ, ಒಂದೂ ಬಿಡದೆ ಬಿಚ್ಚಿಸುತ್ತಿದ್ದಳು. ಮನೆಯಲ್ಲಿ ಎಲ್ಲಿ ಏನು ಬಿಗಿದಿದ್ದರೂ ಅದು ಬಸುರಿಯ ಹೊಟ್ಟೆಯಲ್ಲಿ ಬಿಗಿದಿರುತ್ತದೆ ಅನ್ನುವುದು ಆಕೆಯ ನಂಬಿಕೆ. ಮೊದಲ ಸಲ ನನ್ನ ಕಡೆ ತಿರುಗಿ, ‘ಜಡಿ ಬಿಚ್ಚು’ ಅಂದಳು.

‘ನಾ ಯಾಕ ಬಿಚ್ಚಲಿ ಯವ್ವಾ?’

‘ನಿನ್ನ ಜಡಿಗಂಟು ಈಕಿಗೆ ತೊಡಕು ಹಾಕ್ಯಾದ. ಬಿಚ್ಚು.’

ನಾನು ಟ್ರೇನಿಂಗಿನಲ್ಲಿ ಕಲಿತದ್ದನ್ನೆಲ್ಲ ಶುರುಮಾಡಿದೆ. ಗರ್ಭಕೋಶ, ಸ್ನಾಯು, ನೋವಿನ ಅಂತರ. ಆಕೆ ಬಸುರಿಯ ಬೆನ್ನು ತಿಕ್ಕುತ್ತಲೇ, ‘ಹೇಳು, ಹೇಳು. ಅದನ್ನೂ ಹೇಳು. ಜಡಿ ಬಿಚಿಗೊಂಡು ಹೇಳು’ ಅಂದಳು. ನೋವು ತಿನ್ನುತ್ತಿದ್ದ ಹುಡುಗಿಯೇ ನಕ್ಕುಬಿಟ್ಟಳು. ನಾನು ಜಡೆ ಬಿಚ್ಚಿದೆ. ನನ್ನ ಬ್ಯಾಗಿನ ಜಿಪ್ಪನ್ನೂ ಆಕೆಯೇ ಎಳೆದು ತೆಗೆದಳು. ಅರ್ಧ ಗಂಟೆಯಲ್ಲಿ ಗಂಡು ಕೂಸು ಹುಟ್ಟಿತು. ‘ಹೆಂಗಿದ್ರೂ ಹುಟ್ಟತಿತ್ತು’ ಅಂತ ನಾನು ಗೊಣಗಿದೆ. ‘ಹುಟ್ಟತಿತ್ತು, ನಾ ಇಲ್ಲ ಅಂದೆನೇನು? ಆದ್ರ ಮನಿಮಂದಿಯೆಲ್ಲಾ ತನಗಾಗಿ ಓಡ್ಯಾಡಾಕತ್ತ್ಯಾರ ಅಂತ ಆ ಹುಡಿಗಿಗೆ ಗೊತ್ತಾಗಬ್ಯಾಡೇನು? ಬ್ಯಾರೆ ದಿನ ಆಕಿ ಸಲುವಾಗಿ ಯಾರು ಒಂದು ಕೀಲಿ ತಗದಾರ?’ ಅಂದಳು.

ಆಕೆ ಕೇರಿಯಾಕೆ. ಹೆರಿಗೆ ಆಗುವ ಮನೆಯಲ್ಲಿ ಆಕೆ ಒಳಕೋಣೆಯವರೆಗೂ ಹೋಗಬಹುದು. ಕೂಸನ್ನು ಮೊದಲು ಮುಟ್ಟುವ ಕೈ ಆಕೆಯದು. ಮನೆ ತೊಳೆದು ಸಾರಿಸಿ ತೊಟ್ಟಿಲು ಕಟ್ಟಿದ ದಿನದಿಂದ ಆಕೆಗೆ ಹಿತ್ತಲ ಬಾಗಿಲೇ ಗತಿ. ‘ಕೂಸು ಕೆಳಗ ಬೀಳೂತನಕ ನಾ ಇವರಿಗೆಲ್ಲ ತಾಯಿ. ಬಿದ್ದಮ್ಯಾಲ ಯಾರೋ ಏನೋ’ ಅಂತ ನಗುತ್ತಿದ್ದಳು. ಅರವತ್ತು ದಾಟಿದರೂ ಕಬ್ಬು ಸಿಗಿಯುವ ಹಲ್ಲು ಆಕೆಯವು. ನಕ್ಕರೆ ಅಷ್ಟೂ ಕಾಣುತ್ತಿದ್ದವು.

ಈಗ ಗಡಿಗೆಯ ಮಾತು ಹೇಳಬೇಕು. ಕೂಸಿನ ಹಿಂದೆ ಮಾಸು ಬೀಳುತ್ತದೆ. ದವಾಖಾನೆಯಲ್ಲಾದರೆ ಅದನ್ನು ಬಕೆಟ್ಟಿಗೆ ಹಾಕಿ ಒಯ್ಯುತ್ತೇವೆ. ಆ ಸೀಮೆಯ ಮನೆಗಳಲ್ಲಿ ಅದು ಕೂಸಿನ ಜೊತೆಗಾರ. ಹೊಸ ಗಡಿಗೆಯಲ್ಲಿ ಮಾಸು ಇಟ್ಟು, ಮೇಲೆ ಉಪ್ಪು, ಬೇವಿನ ಸೊಪ್ಪು, ಅರಿಸಿನ ಕುಂಕುಮ, ತಾಯಿಯ ಕೈಯ ಒಂದು ಬಳೆ ಚೂರು, ಗಾಳಿ ಸೋಕದಿರಲಿ ಅಂತ ಒಂದು ಕಬ್ಬಿಣದ ಮೊಳೆ ಹಾಕಿ, ಬಾಯಿಗೆ ಬಟ್ಟೆ ಕಟ್ಟಿ ಬಚ್ಚಲ ಹಿಂದೆ ಹೂಳುತ್ತಾರೆ. ಬಾಣಂತಿಯ ಮೈಮೇಲಿನ ನೀರು ಅದರ ಮೇಲೆ ಹರಿಯಬೇಕು. ಹೂಳುವುದು ಸೂಲಗಿತ್ತಿಯ ಕೆಲಸ. ಗಂಡಸರು ಆ ಕಡೆ ತಿರುಗಿಯೂ ನೋಡುವುದಿಲ್ಲ. ಹೆಂಗಸರು ಅದರ ಸುದ್ದಿ ಎತ್ತುವುದಿಲ್ಲ. ಎತ್ತಿದರೆ ಆಗದವರು ಯಾರಾದರೂ ಅಗೆದು ತೆಗೆದು ಕೂಸಿಗೆ ಮಾಟ ಮಾಡಿಸುತ್ತಾರೆ ಅನ್ನುವ ಹೆದರಿಕೆ. ಮಾಟಕ್ಕೆ ಹೆದರಿ ಮುಚ್ಚಿಟ್ಟದ್ದು ಅದು. ಮುಂದಿನದನ್ನು ಓದುವಾಗ ಇದಿಷ್ಟು ನೆನಪಿರಲಿ.

ಮಂಜುಳಾ ಹುಟ್ಟಿದ್ದು ನಾನು ಹೋದ ನಾಲ್ಕನೆಯ ವರ್ಷ. ಹನುಮವ್ವ ಅಂತ ಒಬ್ಬ ಹೆಣ್ಣುಮಗಳ ಸೊಸೆಗೆ ಚೊಚ್ಚಲು. ಆ ದಿನಗಳಲ್ಲಿ ಮೇಲಿನವರದು ಒಂದೇ ಜಪ: ಮನೆಯಲ್ಲಿ ಹೆರಿಗೆ ಆಗಕೂಡದು, ಎಲ್ಲ ಕೇಂದ್ರದಲ್ಲೇ ಆಗಬೇಕು. ಹಿಂದಿನ ತಿಂಗಳು ಎರಡು ಮನೆಹೆರಿಗೆ ತೋರಿಸಿದ್ದಕ್ಕೆ ನನ್ನನ್ನು ದೇವದುರ್ಗದ ಮೀಟಿಂಗಿನಲ್ಲಿ ಎಲ್ಲರೆದುರು ನಿಲ್ಲಿಸಿ ಬೈದಿದ್ದರು. ಇನ್ನೊಂದಾದರೆ ನೋಟೀಸು ಅಂದಿದ್ದರು. ಹನುಮವ್ವನ ಸೊಸೆಗೆ ನೋವು ಹತ್ತಿದಾಗ ಜೀಪು ಕಳಿಸಿ ಅಂದರೆ ಜೀಪು ಬರಲಿಲ್ಲ. ನಾನು ಓಡಿ ಹೋಗುವಷ್ಟರಲ್ಲಿ ಕೂಸಿನ ತಲೆ ಕಾಣುತ್ತಿತ್ತು. ಮನೆಯ ಕೀಲಿಗಳೆಲ್ಲ ತೆರೆದಿದ್ದವು. ಆಕೆ ಹೆರಿಗೆ ಮಾಡಿಸಿದಳು, ನಾನು ಹೊಕ್ಕುಳ ಬಳ್ಳಿ ಕತ್ತರಿಸಿದೆ. ಆಮೇಲೆ ಬಚ್ಚಲ ಹಿಂದೆ ಆಕೆ ಗಡಿಗೆಗೆ ಉಪ್ಪು ಸುರಿಯುವಾಗ ಗಡಿಗೆ ವಾಲದಂತೆ ಹಿಡಿದುಕೊಂಡವಳು ನಾನೇ. ‘ಗಟ್ಟಿ ಹಿಡಿ ಸಿಸ್ಟರವ್ವಾ, ಕೂಸಿನ ಆಯುಷ್ಯ ಅದು’ ಅಂದಿದ್ದಳು.

ಅಲ್ಲಿಂದ ಬಂದು ಕೈ ತೊಳೆದುಕೊಂಡು ರಿಜಿಸ್ಟರಿನಲ್ಲಿ ಬರೆದೆ: ಹೆರಿಗೆ ಉಪಕೇಂದ್ರದಲ್ಲಿ. ತಾಯಿ ಮಗು ಇಬ್ಬರೂ ಚೆನ್ನಾಗಿದ್ದಾರೆ, ಎಲ್ಲಿ ಹುಟ್ಟಿದರೇನು ಅಂದುಕೊಂಡೆ. ಅಷ್ಟರ ಮಟ್ಟಿಗೆ ನನಗೂ ಒಂದು ಮಂತ್ರ ಬರುತ್ತಿತ್ತು ಅನ್ನಿ.

ಮಂಜುಳಾಗೆ ಆರು ವರ್ಷವಾದಾಗ ಮೂರ್ಛೆ ಬರಲು ಹತ್ತಿತು. ನಾನೇ ಚೀಟಿ ಬರೆದು ರಾಯಚೂರಿಗೆ ಕಳಿಸಿದೆ. ಗುಳಿಗೆ ಕೊಟ್ಟರು. ಒಂದು ತಿಂಗಳು ಹುಡುಗಿ ನೆಟ್ಟಗಿದ್ದಳು. ನೆಟ್ಟಗಿದ್ದಾಳಲ್ಲ ಅಂತ ಗುಳಿಗೆ ನಿಲ್ಲಿಸಿದರು. ಮತ್ತೆ ಬಂತು, ಮೊದಲಿಗಿಂತ ಜೋರಾಗಿ. ಅಷ್ಟರಲ್ಲಿ ಮನೆಯ ಮೇಲೆ ಕಲ್ಲು ಬಿತ್ತಂತೆ, ಒಣಹಾಕಿದ ಸೀರೆಗೆ ತಾನೇ ತೂತು ಬಿತ್ತಂತೆ, ಅನ್ನದಲ್ಲಿ ಕೂದಲು ಬಂತಂತೆ. ಊರಲ್ಲಿ ಒಂದೇ ಮಾತು: ಭಾನಾಮತಿ. ಆ ಶಬ್ದವನ್ನು ನಮ್ಮ ಕಡೆಯವರು ಮೆಲ್ಲಗೆ ಹೇಳುತ್ತಾರೆ, ಜೋರಾಗಿ ಹೇಳಿದರೆ ಕೇಳಿಸಿಕೊಂಡು ಬಂದೀತು ಅನ್ನುವ ಹಾಗೆ. ನನ್ನ ಮಾತು ಯಾರೂ ಕೇಳಲಿಲ್ಲ. ಹೊಳೆಯಾಚೆಯಿಂದ ಒಬ್ಬ ಮಂತ್ರಗಾರನನ್ನು ಕರೆಸಿದರು. ಅರ್ಧ ತೆಲುಗು, ಅರ್ಧ ನಮ್ಮ ಮಾತು ಆಡುವವನು.

ಅವತ್ತು ಅಮಾವಾಸ್ಯೆ, ಹಗಲು ಹನ್ನೆರಡರ ಬಿಸಿಲು. ಅವತ್ತೇ ಪೋಲಿಯೋ ಹನಿ ಹಾಕುವ ದಿನ. ದೇವದುರ್ಗದಿಂದ ಸೂಪರ್‌ವೈಜರ್ ಬಂದು ನನ್ನ ಜೊತೆ ಮನೆ ಮನೆ ಸುತ್ತುತ್ತಿದ್ದರು. ನನ್ನ ರಿಜಿಸ್ಟರೂ ಅವರ ಕಂಕುಳಲ್ಲೇ ಇತ್ತು. ಹನುಮವ್ವನ ಮನೆಯ ಮುಂದೆ ಜನ. ಮಂತ್ರಗಾರ ಅಂಗಳವೆಲ್ಲ ಅಡ್ಡಾಡಿ ಹಿತ್ತಲಿಗೆ ಹೋಗಿ, ಬಚ್ಚಲ ಹಿಂದೆ ಕಾಲೂರಿ ನಿಂತು, ‘ಭೂಮಿಲೋ ಉಂದಿ. ಇಲ್ಲೇ ಅದ, ಅಗೀರಿ’ ಅಂದ. ಜನರಿಗೆ ಮೈ ನವಿರೆದ್ದಿತು. ಆ ಸೀಮೆಯ ಯಾವ ಮನೆಯ ಬಚ್ಚಲ ಹಿಂದೆ ಅಗೆದರೂ ಒಂದು ಗಡಿಗೆ ಸಿಕ್ಕೇ ಸಿಗುತ್ತದೆ. ಆ ಖದೀಮನಿಗೆ ಅದು ಚೆನ್ನಾಗಿ ಗೊತ್ತಿತ್ತು.

ಗಡಿಗೆ ಬಂತು. ಒಳಗೆ ಕಪ್ಪು ಮಣ್ಣು, ತುಕ್ಕು ಹಿಡಿದ ಮೊಳೆ, ಹಸಿರು ಬಳೆಯ ಚೂರು, ಕೊಳೆತ ಬಟ್ಟೆಯ ಎಳೆ. ಒಂದೊಂದನ್ನೇ ಎತ್ತಿ ತೋರಿಸುತ್ತಾ ಹೋದ. ಹುಡುಗಿಯ ಅಪ್ಪ ಬೆವತುಹೋಗಿದ್ದ. ‘ನಿಮ್ಮ ಹಿತ್ತಲಿಗೆ ಬಂದು ಹೋಗೋ ಹೊರಗಿನ ಹೆಣ್ಣು ಯಾರು?’ ಅಂತ ಮಂತ್ರಗಾರ ಕೇಳಿದ. ಹಿತ್ತಲಿಗೆ ಬರುವ ಹೊರಗಿನ ಹೆಣ್ಣು ಒಬ್ಬಳೇ. ಮುಂಬಾಗಿಲಲ್ಲಿ ಬಿಡದೆ ಅಲ್ಲಿಂದ ಬರುವ ಹಾಗೆ ಮಾಡಿದವರು ಅವರೇ. ಹೊಲದಲ್ಲಿ ಹತ್ತಿ ಬಿಡಿಸುತ್ತಿದ್ದಾಕೆಯನ್ನು ಎಳೆದುಕೊಂಡು ಬಂದರು.

ಆಕೆ ಗಡಿಗೆ ನೋಡಿ ಗಾಬರಿಯಾಗಲಿಲ್ಲ. ಸಿಟ್ಟಾದಳು. ‘ಏ ಹುಚ್ಚರಾ, ಮುಚ್ಚ್ರಿ ಅದನ್ನ. ನಮ್ಮ ಮಂಜಿ ಮಾಸು ಹೂತ ಗಡಿಗಿ ಅದು. ಬಿಸಲಿಗೆ ತಗದೀರಲ್ಲಾ, ಕೂಸಿಗೆ ಕೇಡಾಗತದ!’

‘ಮಾಸಿನ ಗಡಿಗ್ಯಾಗ ಮೊಳಿ ಯಾಕ ಅದ?’ ಅಂತ ಮಂತ್ರಗಾರ ಜನರ ಕಡೆ ತಿರುಗಿದ. ‘ಬಳಿ ಒಡದು ಯಾಕ ಹಾಕ್ಯಾಳ? ಬಾಣಂತಿ ಬಳಿ ಯಾರಾದ್ರೂ ಒಡಿತಾರೇನು? ಈ ವಯಸ್ಸಿನಾಗ ಇಂಥಾ ಹಲ್ಲು ಯಾರಿಗದಾವ ತೋರಿಸ್ರಿ ನೋಡೂನು. ಮಂತ್ರ ಜಪಸೋ ಬಾಯಿ ಇದು. ಹಲ್ಲು ಇರೂತನಕ ಮಂತ್ರ ನಿಲ್ಲಂಗಿಲ್ಲ.’

ಹನುಮವ್ವ, ಆಕೆಯ ಸೊಸೆ, ಓಣಿಯ ಹೆಂಗಸರು ಗೋಡೆಗೆ ಹತ್ತಿಕೊಂಡು ನಿಂತಿದ್ದರು. ಒಬ್ಬರೂ ತುಟಿ ಬಿಚ್ಚಲಿಲ್ಲ. ಆಕೆ ಅವರನ್ನು ನೋಡಿ, ಆಮೇಲೆ ನನ್ನನ್ನು ನೋಡಿದಳು. ಒಂದೇ ಸಲ. ‘ಸಿಸ್ಟರ್ ಇದ್ದಳು, ಕೇಳ್ರಿ’ ಅನ್ನಬಹುದಿತ್ತು. ಅನ್ನಲಿಲ್ಲ. ನಾನು ಬಾಯಿ ತೆರೆದೆ. ಹೌದು, ತೆರೆದೆ. ಆ ಗಡಿಗೆ ಹೂಳುವಾಗ ನಾನಿದ್ದೆ ಅಂದರೆ ಹುಡುಗಿ ಮನೆಯಲ್ಲೇ ಹುಟ್ಟಿದಳು ಅಂದ ಹಾಗೆ. ಸುಳ್ಳು ಬರೆದ ರಿಜಿಸ್ಟರು ಒಂದು ಮಾರು ದೂರದಲ್ಲಿತ್ತು. ಗಂಡನಿಗೆ ಮಾನ್ವಿಯಲ್ಲಿ ನೆಟ್ಟಗೆ ಕೆಲಸವಿರಲಿಲ್ಲ, ಮಗಳು ಎಂಟನೆಯ ಕ್ಲಾಸು. ಸೂಪರ್‌ವೈಜರ್ ನನ್ನ ತೋಳು ಮುಟ್ಟಿ, ‘ನಡೀರಿ ಸಿಸ್ಟರ್, ಇಂಥಾದರಾಗ ನಾವು ಬೀಳೋದು ಬ್ಯಾಡ. ಇನ್ನೊಂದು ಓಣಿ ಉಳದದ’ ಅಂದರು. ನಾನು ನಡೆದೆ.

ಪಕ್ಕದ ಓಣಿಯಲ್ಲಿ ಮಕ್ಕಳಿಗೆ ಹನಿ ಹಾಕಿದೆ. ‘ಆ ಅನ್ನು, ಬಾಯಿ ತಗಿ, ಶಾಣ್ಯಾ’ ಅಂತ ಒಂದೊಂದೇ ಕೂಸಿನ ಗಲ್ಲ ಹಿಡಿದು ಬಾಯಿ ತೆರೆಸುತ್ತಿದ್ದೆ. ಆ ಹೊತ್ತಿನಲ್ಲೇ ಅಲ್ಲಿ ಇಕ್ಕಳದಿಂದ ಆಕೆಯ ಮುಂದಿನ ನಾಲ್ಕು ಹಲ್ಲು ಕಿತ್ತರು. ಕೂಗು ಕೇಳಿಸಲಿಲ್ಲ. ಆಕೆ ಕೂಗಲೇ ಇಲ್ಲವಂತೆ.

ಸಂಜೆ ಬಾಯಿಗೆ ಸೆರಗು ಒತ್ತಿಕೊಂಡು ತಾನೇ ನಡೆದುಕೊಂಡು ಉಪಕೇಂದ್ರಕ್ಕೆ ಬಂದಳು. ನಾನು ತೊಳೆದೆ, ಹತ್ತಿ ಇಟ್ಟೆ, ಸೂಜಿ ಹಾಕಿದೆ. ರಿಜಿಸ್ಟರಿನಲ್ಲಿ ಏನು ಬರೆಯಲಿ ಅಂತ ಕೇಳುವ ಧೈರ್ಯ ನನಗೆ ಬರಲಿಲ್ಲ. ಆಕೆಯೇ ಹೇಳಿದಳು: ‘ಬಿದ್ದಳು ಅಂತ ಬರಿ.’ ಪೊಲೀಸರು ಬಂದಾಗಲೂ ಅದನ್ನೇ ಹೇಳಿದಳು. ಕೇಸಾಗಲಿಲ್ಲ. ಮಂತ್ರಗಾರ ಹೊಳೆ ದಾಟಿ ಹೋದ. ಮಂಜುಳಾಗೆ ಮುಂದಿನ ವಾರವೇ ಮತ್ತೆ ಮೂರ್ಛೆ ಬಂತು. ಕಡೆಗೆ ಗುಳಿಗೆಯೇ ಗತಿಯಾಯಿತು. ಈ ಸಲ ನಾನು ದಿನಾ ಅವರ ಮನೆಗೆ ಹೋಗಿ ಕಣ್ಣೆದುರು ನುಂಗಿಸಿದೆ. ಅದೊಂದು ಕೆಲಸ ನೆಟ್ಟಗೆ ಮಾಡಿದೆ.

ಅಂದಿನಿಂದ ಆಕೆಯನ್ನು ಹೆರಿಗೆಗೆ ಯಾರೂ ಕರೆಯಲಿಲ್ಲ. ಫೋನು ಮಾಡಿದರೆ ಅಂಬುಲೆನ್ಸು ಬರುತ್ತಿತ್ತು. ನನ್ನ ಮೇಲಿನವರಿಗೆ ಭಾರಿ ಖುಷಿ: ಒಂದೂ ಮನೆಹೆರಿಗೆ ಇಲ್ಲ. ಹುಡುಗರು ಆಕೆಯನ್ನು ಕಂಡರೆ ಓಡುತ್ತಿದ್ದವು. ಎಲ್ಲಾ ಆಕೆಯ ಕೈಯಲ್ಲಿ ಹುಟ್ಟಿದವೇ. ಆದರೆ ಕೂಸು ಹಾಲು ಕುಡಿಯದಿದ್ದರೆ, ಸುಮ್ಮಸುಮ್ಮನೆ ಅತ್ತರೆ, ನದರು ಬಿದ್ದಿದೆ ಅಂತ ಅದೇ ಹೆಂಗಸರು ಸದ್ದಿಲ್ಲದೆ ಆಕೆಗೇ ಹೇಳಿಕಳಿಸುತ್ತಿದ್ದರು. ಉಪ್ಪು, ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿ ಬರುತ್ತಿದ್ದಳು. ಒಮ್ಮೆ ಹನುಮವ್ವನ ಮನೆಯಿಂದಲೂ ಹೇಳಿಕಳಿಸಿದರು. ಆಕೆ ಹೋದಳು! ನನಗೆ ತಡೆಯಲಾರದಷ್ಟು ಸಿಟ್ಟು ಬಂತು.

‘ನಾಚಿಕಿ ಬರಂಗಿಲ್ಲೇನು ಯವ್ವಾ ನಿನಗ? ಯಾವ ಮನಿಗೆ ಹೋಗಿ ಬಂದಿ?’

‘ಮಂಜಿ ಮನಿಗೆ. ಆಕಿನ್ನ ಮೊದಲ ಹಿಡದ ಕೈ ನಂದು. ಹುಡಿಗಿಗೆ ನದರು ಆಗ್ಯಾದಂದ್ರ ಹೋಗಬ್ಯಾಡಂತಿ?’

‘ನದರೂ ಇಲ್ಲ, ಮಾಟಾನೂ ಇಲ್ಲ. ಎಲ್ಲಾ ಸುಳ್ಳು.’

‘ಸುಳ್ಳಲ್ಲವ್ವ’ ಅಂದಳು, ಗಾಳಿ ಸೋರುವ ಬಾಯಲ್ಲಿ, ಮಗುವಿಗೆ ಬುದ್ಧಿ ಹೇಳುವ ಹಾಗೆ. ‘ಮಾಟ ಅದ. ನಾ ಮಾಡಿಲ್ಲ, ಅಷ್ಟ.’

ಎಷ್ಟೋ ವರ್ಷವಾದ ಮೇಲೆ ನನ್ನ ಮಗಳು ರಾಯಚೂರಿನಲ್ಲಿ ಇತಿಹಾಸದ ಎಂ.ಎ. ಓದುತ್ತಿದ್ದಾಗ ಪರೀಕ್ಷೆಗೆ ಅಂತ ಒಂದು ಪಾಠ ಗಟ್ಟಿಯಾಗಿ ಓದುತ್ತಿದ್ದಳು. ನಾನೂರು ವರ್ಷದ ಹಿಂದೆ ಸಮುದ್ರದಾಚೆಯ ದೇಶಗಳಲ್ಲಿ ಹಾಲು ಒಡೆದರೆ, ದನ ಸತ್ತರೆ, ಕೂಸು ಬಾಡಿದರೆ ನೆರೆಮನೆಯ ಮುದುಕಿಯೇ ಮಾಟ ಮಾಡಿದಳು ಅನ್ನುತ್ತಿದ್ದರಂತೆ. ದೂರು ಕೊಡುತ್ತಿದ್ದವರು ದೂರದವರಲ್ಲ, ಅವಳ ಕೈಯಲ್ಲಿ ಮದ್ದು ಇಸಿದುಕೊಂಡವರೇ ಅಂತೆ. ‘ಎಂಥಾ ಕಾಲ ನೋಡಮ್ಮ’ ಅಂದಳು ಮಗಳು. ನಾನು ಎದ್ದು ಅಡುಗೆಮನೆಗೆ ಹೋದೆ. ಆ ಕಾಲ ಮುಗಿದೇ ಇಲ್ಲ ಕಣೇ, ನಿನ್ನ ಅವ್ವ ಅದನ್ನು ಕಣ್ಣಾರೆ ನೋಡಿ ಪಕ್ಕದ ಓಣಿಗೆ ಹೋದಳು ಅಂತ ಹೇಳಬೇಕಿತ್ತು. ಹೇಳಲಿಲ್ಲ. ಹೋದ ವರ್ಷ ಅದೇ ಮಗಳು ಇಲ್ಲಿನ ಆಸ್ಪತ್ರೆಯಲ್ಲಿ ಹೆರಿಗೆಗೆ ಮಲಗಿದಾಗ, ಮೂವತ್ತು ವರ್ಷ ನರ್ಸಾಗಿದ್ದ ನಾನು ಮನೆಗೆ ಓಡಿಬಂದು ಅಲಮಾರ, ಟ್ರಂಕು, ಗೇಟು ಎಲ್ಲದರ ಕೀಲಿ ತೆಗೆದೆ. ಜಡೆ ಬಿಚ್ಚಿಕೊಂಡು ನಡುಮನೆಯಲ್ಲಿ ನಿಂತಾಗ ಆಕೆ ಅಲ್ಲೇ ಎಲ್ಲೋ ಇದ್ದಳು. ನಾನು ತಿರುಗಿ ನೋಡಲಿಲ್ಲ. ಹೆದರಿಕೆಯಾಯಿತು.

ಮಾನ್ವಿಗೆ ವರ್ಗವಾಗಿ ಆ ಊರು ಬಿಡುವ ದಿನ ಒಂದು ಸಲ ಕೇಳಿಯೇಬಿಟ್ಟಿದ್ದೆ. ಬಸ್ಸಿಗೆ ಕಾಯುತ್ತಾ ಬೇವಿನ ಗಿಡದ ಕೆಳಗೆ ಕುಳಿತಿದ್ದೆವು. ಆಕೆ ಎಲೆಅಡಿಕೆಯನ್ನು ಕುಟ್ಟಿ ಬಾಯಿಗೆ ಹಾಕಿಕೊಂಡಿದ್ದಳು, ಕಡಿಯಲು ಬರುತ್ತಿರಲಿಲ್ಲ.

‘ಯವ್ವಾ, ಅವತ್ತು ನಾ ಹೇಳಬೇಕಿತ್ತು.’

‘ಯಾವತ್ತು?’ ಅಂದಳು, ಗೊತ್ತಿದ್ದೂ.

‘ಗಡಿಗಿ ತಗದ ದಿನ. ನಾ ಇದ್ದೆ ಅಂತ ಹೇಳಬೇಕಿತ್ತು. ನೌಕರಿಗೆ ಹೆದರಿದೆ.’ ನನಗೆ ಅಳು ಬಂತು. ಆಕೆ ನನ್ನ ಮೊಣಕಾಲ ಮೇಲೆ ಕೈಯಿಟ್ಟು, ‘ನೀ ಹೇಳಿದ್ರೂ ಕೇಳ್ತಿದ್ದಿಲ್ಲ ಬಿಡು ಅವರು. ಗಂಡಸರ ಕಣ್ಣು ಕೆಂಪಾಗಿದ್ದವು. ನನ್ನ ಹಲ್ಲೂ ಹೋಗ್ತಿದ್ದವು, ನಿನ್ನ ನೌಕರೀನೂ ಹೋಗ್ತಿತ್ತು. ಒಂದಾದ್ರೂ ಉಳೀತಲ್ಲ’ ಅಂದಳು. ‘ಬಸ್ಸು ಬಂತು ನೋಡು, ಏಳು.’

ಆ ಮಾತನ್ನು ನಾನು ಹತ್ತು ವರ್ಷ ಎದೆಗೆ ಒತ್ತಿಕೊಂಡು ಬದುಕಿದೆ. ಹೇಳಿದ್ದರೂ ಕೇಳುತ್ತಿರಲಿಲ್ಲ. ಸೊಪ್ಪು ಹೆಚ್ಚುವಾಗ, ಬಟ್ಟೆ ಒಣಹಾಕುವಾಗ, ಎದೆ ಹಿಂಡಿದಾಗಲೆಲ್ಲ ಅದನ್ನೇ ಅಂದುಕೊಳ್ಳುತ್ತಿದ್ದೆ. ಹೇಳಿದ್ದರೂ ಕೇಳುತ್ತಿರಲಿಲ್ಲ. ಯಾರಿಗೆ ಅನ್ಯಾಯ ಮಾಡಿದ್ದೆನೋ ಆಕೆಯೇ ಕೊಟ್ಟ ತಾಯಿತ ಅದು.

ಸಾವಿನ ಸುದ್ದಿ ಬಂದ ಮರುದಿನ ಬೆಳಗಿನ ಬಸ್ಸಿಗೆ ಹೊರಟೆ. ಮಾನ್ವಿ ದಾಟಿ, ಕವಿತಾಳದಲ್ಲಿ ಇಳಿದು ಆಟೋ ಹಿಡಿದು ಊರು ಸೇರಿದೆ. ಮಣ್ಣಿಗೆ ಕೈಮುಗಿದೆ. ಹಾಲು ತುಪ್ಪ ಬಿಟ್ಟು ಬಂದ ಆಕೆಯ ಮಗ ‘ಬರ್ರಿ ಸಿಸ್ಟರ್’ ಅಂತ ಚಾಪೆ ಹಾಸಿದ. ಅವನಿಗೆ ಎಲ್ಲವನ್ನೂ ಹೇಳಿದೆ. ಅವನು ತಲೆ ತಗ್ಗಿಸಿ ಕೇಳಿ, ‘ನಮ್ಮವ್ವ ನಿಮ್ಮ ಮ್ಯಾಲ ಒಂದು ದಿನಾನೂ ಒಂದು ಮಾತು ಆಡಿಲ್ರೀ’ ಅಂದ. ಬೈದಿದ್ದರೆ ಚೆನ್ನಾಗಿತ್ತು.

ಅಲ್ಲಿಂದ ಸೀದಾ ಹನುಮವ್ವನ ಮನೆಗೆ ಹೋದೆ. ಸತ್ತ ಮೇಲಾದರೂ ಆಕೆಯ ಹೆಸರಿಗೆ ಹತ್ತಿದ್ದು ತೊಳೆಯಬೇಕು, ಅದೂ ಆ ಅಂಗಳದಲ್ಲೇ ನಿಂತು ಹೇಳಬೇಕು ಅನ್ನುವುದು ನನ್ನ ಹಟ. ಹನುಮವ್ವ ಹಣ್ಣು ಹಣ್ಣಾಗಿ ಗೋಡೆಗೆ ಆತು ಕುಳಿತಿದ್ದಳು. ಮಂಜುಳಾ ನೀರು ತಂದುಕೊಟ್ಟಳು. ಎಷ್ಟು ಎತ್ತರ ಬೆಳೆದಿದ್ದಾಳೆ! ಸಿಸ್ಟರ್ ಬಂದಿದ್ದಾರೆ ಅಂತ ಓಣಿಯ ನಾಲ್ಕೈದು ಹೆಂಗಸರು ಬಂದು ಬಾಗಿಲಲ್ಲಿ ನಿಂತರು. ಅವತ್ತು ಗೋಡೆಗೆ ಹತ್ತಿ ನಿಂತವರೇ. ನಾನು ಕುಳಿತುಕೊಳ್ಳಲಿಲ್ಲ.

‘ಅದು ಮಂಜುಳಾನ ಮಾಸಿನ ಗಡ್ಗೀನ ಆಗಿತ್ತು’ ಅಂದೆ. ‘ಹೂಳೂಮುಂದ ನಾ ಇದ್ದೆ. ಉಪ್ಪು ಹಾಕೂಮುಂದ ನಾನ ಹಿಡದಿದ್ದೆ. ಮೊಳಿ, ಬಳಿ ಎಲ್ಲಾ ನನ್ನ ಕಣ್ಣ ಮುಂದ ಹಾಕಿದ್ದು. ಸೂಲಗಿತ್ತಿ ಯವ್ವ ಏನೂ ಮಾಡಿದ್ದಿಲ್ಲ. ನಾ ಅವತ್ತು ಹೇಳಲಿಲ್ಲ, ನಂದ ತಪ್ಪು.’

ಯಾರೂ ಬೆಚ್ಚಿಬೀಳಲಿಲ್ಲ. ಬಾಗಿಲಲ್ಲಿದ್ದ ಒಬ್ಬಾಕೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

‘ನಮಗೂ ಹಂಗ ಅನಿಸಿತ್ರೀ’ ಅಂದಳು ಹನುಮವ್ವ. ‘ನಮ್ಮ ಮನಿ ಗಡಿಗಿ ನಮಗ ಗುರುತಾಗಂಗಿಲ್ಲೇನು? ನನ್ನ ಸೊಸಿ ಬಳಿ, ನಾನ ಒಡದು ಕೊಟ್ಟಿದ್ದು. ಹೇಳಬೇಕಂತ ನಾಲಿಗಿ ತುದಿಗೆ ಬಂದಿತ್ತು. ಆದ್ರ ನಾವು ಓದಿಲ್ಲ, ಬರದಿಲ್ಲ. ಅಂವ ಮಾಟ ಅಂದ, ಹೌದೋ ಅಲ್ಲೋ ನಮಗೇನು ತಿಳೀತದ? ಹೂಳೂಮುಂದ ನೀವಿದ್ರಿ. ಗಡಿಗಿ ನಮ್ಮದಾಗಿದ್ರ ಸಿಸ್ಟರು ಹೇಳತಿದ್ರು, ಸಿಸ್ಟರ ಸುಮ್ಮನ ಹೊಂಟ್ರಂದ್ರ ಇದು ಬ್ಯಾರೆ ಗಡ್ಗೀನ ಇರಬೇಕು, ಆಕಿ ಏನೋ ಮಾಡ್ಯಾಳ ಅಂತ ತಿಳಕೊಂಡ್ವಿ.’

ಅವಳು ಕಣ್ಣೊರೆಸಿಕೊಂಡು ನನ್ನನ್ನು ನೋಡಿದಳು.

‘ಅಂವಾ ಅಷ್ಟು ಒದರಿದ, ಆದ್ರ ನಾವು ಅವನ ಕಡೆ ನೋಡಲಿಲ್ರೀ ಸಿಸ್ಟರ್. ಎಲ್ಲಾರೂ ನಿಮ್ಮ ಮಾರಿ ನೋಡಾಕತ್ತಿದ್ವಿ.’